ಹಸಿರು ತೀರಿತ್ತು

ಆಯಿತವಾರ ಮುಂಜಾನಿ ದೇವಲಿಯ ಟಂಟಂದಾಗ
ನಾನು, ಮೈಮುನಾ,
ಎರಡು ಡಬ್ಬಿ ರೊಟ್ಟಿ, ಶೇಂಗಾ ಹಿಂಡಿ,
ಮತ್ತ ಮೈಮುನಾಳ ಹೊಸಾ ಮೊಣಕಾಲು.
ಆಪರೇಶನ್ ಆಗಿ ನಾಕು ತಿಂಗಳು,
ಇದಕ್ಕ ಬ್ಯಾರೆ ಸೀಟು ಬೇಕು ಅಂತ ನಗತಿದ್ಳು.

ಟಿಕೋಟಾ ರೋಡಿಗೆ ಹತ್ತಿದ ಕೂಡಲೆ
"ಒಲಿಂಪಿಕ್ ಇಳಿಯೋರು ಯಾರ?" ಅಂತ ಕೂಗಿದಳು ದೇವಲಿ,
ಒಳಗ ನಾವಿಬ್ಬರ ಇದ್ರೂ.
ದಿನಾ ಕೂಗಿ ಕೂಗಿ ಬಾಯಿಗೆ ರೂಢಿ.
ಆ ಸ್ಟಾಪಿಗೆ ಈಗೂ ಅದ ಹೆಸರು.

ಗ್ರಾಮೀಣ ಒಲಿಂಪಿಕ್, ಒಂದ ಸಲ ಆಗಿದ್ದು.
ನೀರಿನ ಟಾಕಿ ಮ್ಯಾಲ ಪೇಂಟರ್ ಬಳಿ ಬರದಿದ್ದ:
ನೀಲಿ, ಹಳದಿ, ಕರಿ, ಕೆಂಪು.
ಹಸಿರು ತೀರಿ ಹೋಗಿತ್ತಂತ.
"ಮುಂದಿನ ವರ್ಷ ಹಚ್ಚೂಣು" ಅಂದ್ರು ಸಾಹೇಬ್ರು.
ಜ್ಯೋತಿಗೆ ಚಿಮಣಿ ಎಣ್ಣಿ ಜಾಸ್ತಿ ಆಗಿ
ಪೆಂಡಾಲಿನ ಝಾಲರ ಹತ್ತಿ ಉರಿದರ
ನಾವು ಚಪ್ಪಾಳಿ ಹೊಡದ್ವಿ,
ಅದೂ ಕಾರ್ಯಕ್ರಮದಾಗಿಂದ ಅಂತ ತಿಳದು.
ದೇವಲಿದು ಬಾಡಿಗಿ ಸೈಕಲ್.
ಕ್ಯಾರಿಯರ್, ಬೆಲ್ಲು, ಮಡಗಾರ್ಡು ಸಹಿತ ಗೆದ್ದಳು,
ಕಡೀ ಸುತ್ತಿನ್ಯಾಗ ಬೆಲ್ಲು ಹೊಡಕೋತ
ನಮ್ಮನ್ನ ಬಾಜೂಕ ಸರಿಸಿ.

ಈಗ ಅಲ್ಲಿ ಮಣೂಕ ಒಣಗಸತಾರ.
ಟ್ರ್ಯಾಕಿನ ಉದ್ದಕ್ಕ ಶೆಡ್ಡು, ಶೆಡ್ಡಿಗೆಲ್ಲಾ ಹಸಿರು ನೆಟ್.
"ಅಂತೂ ಹಚ್ಚಿದ್ರಲ್ಲ" ಅಂದಳು ಮೈಮುನಾ.
ಒಂದು ಎರಡು ಮೂರು ಅಂತ ಬರದ ಕಟ್ಟಿ ಇನ್ನೂ ಅದ.
ಎರಡರ ಮ್ಯಾಲ ಆಡು,
ಮೂರರ ಮ್ಯಾಲ ಯಾರದೋ ಟಿಫಿನ್,
ಒಂದರ ಮ್ಯಾಲ ತೂಕದ ಕಾಟಾ.
ವಾಚಮನ್ "ಯಾರ್ ಬೇಕ್ರಿ?" ಅಂದ.
ಹಿಂದಕ ಇಲ್ಲಿ ಸೈಕಲ್ ಹೊಡದಿದ್ವಿ ಅಂದ್ರ
"ಇಲ್ಲಿ? ಈ ಧೂಳ್ದಾಗ?" ಅಂತ ನಕ್ಕು
ಒಂದೊಂದು ಮುಷ್ಟಿ ಮಣೂಕ ಕೊಟ್ಟ.
ದೇವಲಿ ಕೆಳಗ ಇಳೀಲಿಲ್ಲ.
ಹೊತ್ತಾತು ಅಂತ ಹಾರ್ನ್ ಹೊಡದಳು.

ಹೊಳ್ಳಿ ಭೂತನಾಳ ಕೆರಿಗೆ.
ದಾರಿ ತುಂಬಾ ನನಗ ಆ ಫೋಟೋದ್ದ ಖ್ಯಾಲ.
ರೇಸಿನ ಮರುದಿನ, ಸ್ಟುಡಿಯೋದಾಗ,
ನಮ್ಮ ಹಿಂದ ಒಂದು ಪರದಾ:
ನೀಲಿ ಸರೋವರ, ಬರ್ಫದ ಗುಡ್ಡ,
ಸೂಜಿಯಂಥಾ ಗಿಡ, ಯಾರೂ ಇಲ್ಲದ ದೋಣಿ.
ಮುಂದ ನಾವು, ಕಪ್ ಹಿಡಕೊಂಡು, ಬೆವತು,
ಎರಡನೇದಾಕಿ, ಮೂರನೇದಾಕಿ.
ಅವ್ವ ಕಂಡವರಿಗೆಲ್ಲಾ ತೋರಿಸಿ
"ಮಗಳು ಶರ್ಯತ್ತಿಗೆ ಕಾಶ್ಮೀರಕ್ಕ ಹೋಗಿದ್ಳು" ಅಂದಳು.
ನಾನು ತಿದ್ದಲಿಲ್ಲ.
ಕನ್ಯಾ ನೋಡಾಕ ಬಂದವರು
"ಥಂಡಿ ಭಾಳ ಇತ್ತೇನ?" ಅಂತ ಕೇಳಿದ್ರು.
ಹೂಂ ಅಂದೆ.

ಮೊದಲನೇದಾಕಿ ಫೋಟೋದಾಗ ಇಲ್ಲ.
ಕಾಪಿಗೆ ಹದಿನೈದು ರೂಪಾಯಿ.
ಅಷ್ಟೊತ್ತಿಗೆ ಆಕಿ ತಾಂಡಾದವರ ಕೂಡ
ಕಬ್ಬು ಕಡ್ಯಾಕ ಲಾರಿ ಹತ್ತಿದ್ಳು,
ಆಕಿ ಕಪ್ಪು ಹೆಡ್‌ಮಾಸ್ತರ ಕಪಾಟಿನ್ಯಾಗ.
ನಮ್ಮಿಬ್ಬರ ನಡುವ ಒಬ್ಬಾಕಿ ನಿಲ್ಲೂವಷ್ಟು ಜಾಗಾ,
ಅಲ್ಲಿ ಬರ್ಫ ಕಾಣತದ.

ಕೆರಿ ನೀರು ಇಳದಿತ್ತು.
ಜಾಲಿ, ಬೆಳ್ಳಕ್ಕಿ, ಎಮ್ಮಿ.
ಹಂಸದ ಬೋಟಿಗೆ ಸರಪಳಿ, ಸರಪಳಿಗೆ ಕೀಲಿ.
ಮೈಮುನಾ ಹೊಸಾ ಮೊಣಕಾಲಿಗೆ ನೀರು ತೋರಿಸಿದಳು,
ಕೂಸಿಗೆ ತೋರಿಸಿದಂಗ.
ರೊಟ್ಟಿ ತಿಂದ್ವಿ. ಮಣೂಕ ಹುಳಿ ಇದ್ದವು.

"ದೇವಲಿ, ನಡುವ ನಿಲ್ಲು ಬಾ" ಅಂದೆ, ಫೋನ್ ತಗದು.
ಎಷ್ಟೋ ವರ್ಷದಿಂದ ಬಾಯಾಗ ಇಟಗೊಂಡ ಮಾತು,
ಹಳೇ ಅಡಕಿ ಹೋಳಿನಂಗ.
"ಮತ್ತ ಹೊಡಿಯೋರು ಯಾರ? ನಿನ್ನ ಕೈ ನಡಗತಾವ"
ಅಂತ ಫೋನ್ ಕಸಗೊಂಡು
ಹಿಂದ ಹಿಂದಕ್ಕ ಸರದಳು,
ಇಳಿಹೊತ್ತಿನ ಸೂರ್ಯಾಗ ಬೆನ್ನು ಕೊಟ್ಟು.

ಮನಿಗೆ ಬಂದು ನೋಡೀನಿ.
ಗುಡ್ಡ ಇಲ್ಲ, ದೋಣಿ ಇಲ್ಲ,
ನಾವಿಬ್ಬರೂ ದಪ್ಪ ಆಗೇವಿ.
ನಡುವ, ನೀರಿನ ತನಕಾ ಉದ್ದಕ ಬಿದ್ದದ
ಎರಡೂ ಕೈ ಎತ್ತಿದ ಒಂದು ನೆರಳು.

ಬಾಡಿಗಿ ಮಾತ್ರ ಪೂರಾ ತಗೊಂಡಳು,
ಆರನೂರಕ್ಕ ಆರನೂರು,
ಕೆರಿ ದಂಡಿಗೆ ನಿಂತಿದ್ದಕ್ಕ
ವೇಟಿಂಗ್ ಬ್ಯಾರೆ.